ಪಾಸ್ತಾ ನಡೀತೈತಿ, ಗವಲಿ ನಡಿಯಂಗಿಲ್ಲ

ನಮ್ಮ ಅತ್ತೆಯ, ಅಂದರೆ ಅಪ್ಪನ ತಂಗಿಯ, ಬಲಗೈ ಹೆಬ್ಬೆರಳು ತುದಿಯಲ್ಲಿ ಹೊರಕ್ಕೆ ಬಾಗಿತ್ತು. ಉಗುರು ಸವೆದು ಅರ್ಧ ಉಳಿದಿತ್ತು. ಜೀವನವಿಡೀ ಗವಲಿ ಒತ್ತಿದ ಬೆರಳು ಅದು. ಕಡಲೆಕಾಳಿನಷ್ಟು ರವೆಹಿಟ್ಟು ಚಿವುಟಿ, ಮರದ ಹಣಿಗೆಯ ಹಲ್ಲಿನ ಮೇಲಿಟ್ಟು, ಆ ಬೆರಳಿನಿಂದ ಒಮ್ಮೆ ಒತ್ತಿ ಎಳೆದರೆ ಸಾಕು. ಮೈತುಂಬ ಗೆರೆ, ಒಳಗೆ ಟೊಳ್ಳು, ಸಣ್ಣ ಶಂಖದಂಥದ್ದೊಂದು ಉರುಳಿ ಮೊರಕ್ಕೆ ಬೀಳುತ್ತಿತ್ತು. ಕುಂದಗೋಳದ ಸುತ್ತ ನಮ್ಮಂಥ ಮನೆಗಳಲ್ಲಿ ಮದುವೆ ಅಂದರೆ ಮೊದಲು ಈ ಗವಲಿಯಾಗಬೇಕು. ಮಾಳಿಗೆಯ ಮೇಲೆ ಒಣಗಿಸಿಟ್ಟು ಮದುವೆಯ ದಿನ ಬೆಲ್ಲ, ಹಾಲು ಹಾಕಿ ಪಾಯಸ ಮಾಡಬೇಕು.

ಆ ಬೆರಳು ಒಂದು ಮದುವೆಗೂ ಗವಲಿ ಒತ್ತಲಿಲ್ಲ. ಹಬ್ಬಕ್ಕೆ ನಡೆಯುತ್ತಿತ್ತು, ಬಾಣಂತಿಯರಿಗೆ ನಡೆಯುತ್ತಿತ್ತು. ಮದುವೆಗೆ ಮಾತ್ರ ಮುತ್ತೈದೆಯರ ಕೈಯೇ ಬೇಕಂತೆ. ಅತ್ತೆ ಇಪ್ಪತ್ತಾರಕ್ಕೇ ಗಂಡನನ್ನು ಕಳೆದುಕೊಂಡು, ತವರಿಗೆ ಬಂದು, ನಮ್ಮ ಮನೆಗೆ ಹೊಂದಿದ ಎರಡು ಕೋಣೆಯಲ್ಲಿ ಇದ್ದವಳು.

ಪಾಪದವಳು ಅಂದುಕೊಳ್ಳಬೇಡಿ. ಬಹಳ ಸಿಟ್ಟಿನವಳು. ನಾನು ಊರವರ ದನಿಯನ್ನೆಲ್ಲ ಅವರ ಹಾಗೇ ತೆಗೆದು ತೋರಿಸುತ್ತೇನೆ: ಗಿರಣಿಯವನ ಕೆಮ್ಮು, ಕಂಡಕ್ಟರನ ಮೂಗು, ಹುಡುಗಿಯರ ಮುಂದೆ ದಪ್ಪಗಾಗುವ ನನ್ನದೇ ಗಂಟಲು. ಅತ್ತೆಯ ದನಿ ತೆಗೆದರೆ ಮಾತ್ರ ಲಟ್ಟಣಿಗೆ ಹಾರಿ ಬರುತ್ತಿತ್ತು. “ದನಿ ಕದ್ದಿ, ಸಿಟ್ಟು ಎಲ್ಲಿ ಬಿಟ್ಟಿಲೇ? ಅದಿಲ್ಲಂದ್ರ ಅದು ನಾ ಅಲ್ಲ.”

ಹೋದ ವರ್ಷ ಅಕ್ಕನ ಮದುವೆ ಗೊತ್ತಾಯಿತು. ಅಕ್ಕನಿಗೆ ತವರು ಬಿಡುವುದರೊಳಗೆ ಫೋನಿನಲ್ಲಿ ನೋಡಿದ ಒಂದು ಅಡುಗೆ ತಿನ್ನಬೇಕೆಂಬ ಆಸೆ. ಹುರಿದ ಬದನೆಕಾಯಿ, ಟೊಮ್ಯಾಟೊ, ಪಾಸ್ತಾ, ಮೇಲೆ ಚೀಸ್, ಆಮೇಲೆ ಓವನ್ ಅನ್ನುವ ಮುಚ್ಚಿದ ಒಲೆಯೊಳಗಿಟ್ಟು ಬೇಯಿಸುವುದು. ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

“ಇದ್ಯಾವ ದೇಶದ್ದು?”

“ಇಟಲಿದು, ಅತ್ತಿ. ಪಾಸ್ತಾ ಅಂತಾರ.”

“ಎಲ್ಲೀ ಪಾಸ್ತಾ. ಹಣಿಗಿ ಗವಲಿ ಇದು. ಬೆಲ್ಲ ಹಾಕೂದು ಮರತಾರ.”

ಹೆಸರು ಬೇರೆ ಅತ್ತಿ, ಅಂದೆ.

“ಹಿಟ್ಟಿಗೇನ್ ಗೊತ್ತಲೇ ಅದರ ಹೆಸರು?”

ಒಂದು ಮಧ್ಯಾಹ್ನದಲ್ಲಿ ಅತ್ತೆ ಒತ್ತಿದ ಗವಲಿಯಿಂದ ಮೊರ ತುಂಬಿತು. ಬದನೆಕಾಯಿಯನ್ನು ಗಾಲಿಗಾಲಿಯಾಗಿ ಕೊಯ್ಯುವಾಗ ಅವಳಿಗೆ ತಡೆಯಲಾಗಲಿಲ್ಲ. “ಮುಳಗಾಯಿ ಅಂದ್ರ ತುಂಬಬೇಕು. ಹಿಂಗ ತುಂಡು ಮಾಡೂದು ಅಂದ್ರ ಅದಕ್ಕ ಅವಮಾನ.” ಆದರೂ ಎಣ್ಣೆಯಲ್ಲಿ ಕೆಂಪಗೆ ಹುರಿದಳು. ಟೊಮ್ಯಾಟೊ, ಬೆಳ್ಳುಳ್ಳಿ ಕುದಿಯುವಾಗ ಅಕ್ಕ ಆ ಕಡೆ ತಿರುಗಿದ ಕ್ಷಣ ಒಂದು ಹಿಡಿ ಗುರೆಳ್ಳು ಪುಡಿ ಬಿತ್ತು. ನಾನು ಹುಬ್ಬಳ್ಳಿಯಿಂದ ತಂದ ಚೀಸಿನ ಗಟ್ಟಿಯನ್ನು ಎಳೆದು ನೋಡಿ, “ಸೈಕಲ್ ಟ್ಯೂಬ್ ತಂದೀ ಏನಲೇ?” ಅಂದಳು.

ಮನೆಯಲ್ಲಿ ಅಂಥ ಒಲೆ ಎಲ್ಲಿಂದ ಬರಬೇಕು. ಆದರೆ ದೀಪಾವಳಿಗೆ ಎಲ್ಲರೂ ನಾನಕಟಾಯಿ ಹಿಟ್ಟು ಒಯ್ದು ಬೇಕರಿಯ ಭಟ್ಟಿಯಲ್ಲಿ ಸುಡಿಸಿಕೊಂಡು ಬರುತ್ತೇವಲ್ಲ. ಅದೇ ತಟ್ಟೆಯಲ್ಲಿ ಗವಲಿ, ಬದನೆಕಾಯಿ, ಮೇಲೆ ತುರಿದ ಚೀಸ್ ಜೋಡಿಸಿಕೊಂಡು ಒಯ್ದೆವು. ಬೇಕರಿ ಕಾಕಾ ಬಗ್ಗಿ ನೋಡಿದ. “ಮುಳಗಾಯಿ ನಾನಕಟಾಯಿ ಏನ್ರಿ ಅಕ್ಕಾರ?” ಅತ್ತೆ ಅಂದಳು, “ಸುಡೋ ಮಾರಾಯಾ. ಹೊತ್ತಿಸಿದಿ ಅಂದ್ರ ನಿನ್ನೂ ಅದರಾಗ ಇಡತೇನಿ.”

ಮನೆಗೆ ತಂದಾಗ ಅಂಚಿನಲ್ಲಿ ಚೀಸ್ ಇನ್ನೂ ಗುಳುಗುಳು ಅನ್ನುತ್ತಿತ್ತು. ದೊಡ್ಡವ್ವನೂ ಬಂದಳು. ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ, ನಮ್ಮ ಮನೆತನದ ಶಾಸ್ತ್ರಗಳಿಗೆಲ್ಲ ಹೆಡ್‌ಮಾಸ್ತರಳು. ಎರಡು ಸಲ ಹಾಕಿಸಿಕೊಂಡು ತಿಂದಳು. ಬೆರಳು ನೆಕ್ಕಿದ್ದನ್ನು ನಾನು ಈಗಲೂ ಮಾಡಿ ತೋರಿಸಬಲ್ಲೆ.

ನಾಲ್ಕು ದಿನ ಬಿಟ್ಟು ಮದುವೆಯ ಗವಲಿಗೆ ಐದು ಮಂದಿ ಮುತ್ತೈದೆಯರು ನಮ್ಮ ಪಡಸಾಲೆಯಲ್ಲಿ ಕೂತರು. ಅತ್ತೆ ಹಣಿಗೆಯನ್ನು ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು. ಅಕ್ಕನೇ ಕರೆದಿದ್ದಳು. ದೊಡ್ಡವ್ವ ತಲೆ ಎತ್ತದೆ ಅಂದಳು, “ನೀ ಕುಂಡ್ರಬ್ಯಾಡವಾ. ಶುಭದ ಗವಲಿ. ನಿನಗ ಗೊತ್ತಿಲ್ಲೇನ?” ತಿರುಗಿ ಹೋಗುತ್ತಿದ್ದವಳ ಬೆನ್ನಿಗೆ ಇನ್ನೊಂದು ಮಾತು ಸೇರಿಸಿದಳು. “ಬೀಗರು ಊಟಕ್ಕ ಬರೋ ದಿನ ಆ ಪಾಸ್ತಾ ಒಂದು ಮಾಡಿಬಿಡು. ಛಲೋ ಆಗಿತ್ತು.”

ಅದೇ ಬೆರಳು, ಅದೇ ಹಣಿಗೆ, ಅದೇ ರವೆ. ಪಾಸ್ತಾ ಎಂದರೆ ಬೀಗರ ಎಲೆಗೆ ಯೋಗ್ಯ. ಗವಲಿ ಎಂದರೆ ಅಮಂಗಳ. ಇಟಲಿಯವರು ನಮ್ಮ ಅತ್ತೆಯ ಬರಿಹಣೆ ನೋಡಿಲ್ಲ; ಹಿಟ್ಟಿಗೆ ಅವರ ಹೆಸರು ಇಟ್ಟರೆ ದೋಷ ಪರಿಹಾರವೇ? ಇದನ್ನು ನಾನು ಅಲ್ಲೇ ಕೇಳಬೇಕಿತ್ತು. ಊರವರ ದನಿಯನ್ನೆಲ್ಲ ತೆಗೆಯುವವನಿಗೆ ಅವತ್ತು ತನ್ನ ದನಿ ಬರಲಿಲ್ಲ. ಬಾಗಿಲಲ್ಲಿ ನಿಂತು ಫೋನು ನೋಡಿದಂತೆ ಮಾಡಿದೆ. ಅಕ್ಕ ಅಳುತ್ತ ಎದ್ದು ಒಳಗೆ ಹೋದಳು.

ಅತ್ತೆಯೇ ಹೊಸ್ತಿಲಲ್ಲಿ ನಿಂತು ಹೇಳಿದಳು. “ಗವಲಿಗೆ ಆಗಲಾರದ ಕೈ ಪಾಸ್ತಾಕ್ಕೂ ಆಗಂಗಿಲ್ಲ. ಬೀಗರಿಗೆ ಮಂಡಕ್ಕಿ ಹಾಕು.”

ಸಂಜೆ ನಾನು ದೊಡ್ಡ ಶೂರನ ಹಾಗೆ ಅವಳ ಕೋಣೆಗೆ ಹೋದೆ. “ಅತ್ತಿ, ಒಂದು ಸೇರು ಮಾಡಿಕೊಡು. ಮಾಳಿಗಿ ಮ್ಯಾಲಿನ ಗವಲಿ ತಗದು ನಿಂದು ಇಡತೇನಿ. ಎಲ್ಲಾರೂ ತಿಂದಮ್ಯಾಲೆ ಹೇಳೂಣು.”

ಲಟ್ಟಣಿಗೆ ಹಾರಿ ಬರಲಿಲ್ಲ. ಅದಕ್ಕಿಂತ ಕೆಟ್ಟದಾಗಿ, ಮೆಲ್ಲಗೆ ಮಾತಾಡಿದಳು. “ಕದ್ದು ತಿನಸಾಕ ನಾ ಏನ್ ಇಲಿಪಾಷಾಣ ಮಾಡತೇನೇನು? ನನ್ನ ಹೆಸರು ಹೇಳಿ ತಿನಸು. ಆಗೂದಿಲ್ಲಂದ್ರ ಬಿಡು.”

ನನಗೆ ಆಗಲಿಲ್ಲ. ಮದುವೆಯಲ್ಲಿ ಐದು ಮುತ್ತೈದೆಯರ ಗವಲಿ ಹಾಲಿನಲ್ಲಿ ಕರಗಿ ಅಂಬಲಿಯಾಯಿತು. ಅತ್ತೆ ಕೊನೆಯ ಪಂಕ್ತಿಯಲ್ಲಿ ಕೂತು ಅನ್ನ ಸಾರು ಉಂಡಳು. ಪಾಯಸದ ಬಕೀಟು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.

ಮರುವಾರ ಹೋಗಿ, ನನಗೆ ಕಲಿಸು ಅಂದೆ.

“ಗಂಡಸಿಗೆ ಯಾಕ ಬೇಕಲೇ?”

“ಗಂಡಸರ ಕೈಗೆ ಮುತ್ತೈದಿತನ ಬರೂದೂ ಇಲ್ಲ, ಹೋಗೂದೂ ಇಲ್ಲ. ನಮಗ ಯಾರೂ ಶಾಸ್ತ್ರ ಬರದಿಲ್ಲ ಅತ್ತಿ.”

ಅಕ್ಕನ ಮದುವೆಯಾದ ಮೇಲೆ ಅತ್ತೆ ಮೊದಲ ಸಲ ನಕ್ಕಳು. ಮಳೆಗಾಲವಿಡೀ ಕಲಿಸಿದಳು. ನನ್ನ ಮೊದಲ ಗವಲಿಗಳನ್ನು ನೋಡಿ, ಆಡಿನ ಹಿಕ್ಕೆ ಇದಕ್ಕಿಂತ ಸಾಲಾಗಿ ಬೀಳುತ್ತದೆ ಅಂದಳು. ಚಳಿಗಾಲದಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಹೆಣದ ಮುಂದೆ ದೊಡ್ಡವ್ವ ಎದೆ ಬಡಿದುಕೊಂಡಳು: “ಎಂಥಾ ಕೈ ಇತ್ತವಾ ನಿಂದು, ಎಂಥಾ ಗವಲಿ ಮಾಡತಿದ್ದಿ.” ಆಗ ನನಗೆ ಬಂದ ಸಿಟ್ಟನ್ನು ಅತ್ತೆ ನೋಡಿದ್ದರೆ, ಈಗ ದನಿ ಸರಿಯಾತು ನೋಡು ಅನ್ನುತ್ತಿದ್ದಳು.

ಈಗ ದೊಡ್ಡವ್ವನ ಮಗಳಿಗೇ ಮದುವೆ. ಹೋದ ಸೋಮವಾರ ದೊಡ್ಡವ್ವ ರವೆಯ ಚೀಲ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಗಂಡುಹುಡುಗನ ಕೈಗೆ ದೋಷವಿಲ್ಲವಂತೆ, ಯಾರನ್ನೋ ಕೇಳಿಕೊಂಡು ಬಂದಿದ್ದಾಳೆ.

“ಮಾಡತೇನಿ,” ಅಂದೆ. “ಮುತ್ತೈದೇರೆಲ್ಲಾ ಕುಂತಮ್ಯಾಲೆ, ಇದು ಯಾರು ಕಲಿಸಿದ ಗವಲಿ ಅನ್ನೂದು ನೀ ಹೇಳಬೇಕು. ಆಮ್ಯಾಲೆ ಹಣಿಗಿ ತಗೀತೇನಿ.”

ನಿನ್ನೆ ಎಲ್ಲರೂ ಕೂತಿದ್ದರು. ದೊಡ್ಡವ್ವ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ತುಟಿಯಲ್ಲೇ ಏನೋ ಅಂದಳು.

ನಾನು ಅತ್ತೆಯ ದನಿ ತೆಗೆದೆ. ಈ ಸಲ ಸಿಟ್ಟನ್ನು ಎಲ್ಲೂ ಬಿಟ್ಟು ಬಂದಿರಲಿಲ್ಲ.

“ಕೇಳಸಲಿಲ್ಲ ಬೇ. ಇನ್ನೊಮ್ಮೆ ಹೇಳು.”