ಯಾವ ಜೋಡು?

ಗಂಡ ಹೆಂಡತಿ ಒಂದೇ ವೇಗದಲ್ಲಿ ನಡೆಯುವುದು ಮದುವೆ ಮಂಟಪದಲ್ಲಿ ಮಾತ್ರ, ಅಲ್ಲೂ ಸೆರಗಿಗೂ ಶಲ್ಯಕ್ಕೂ ಗಂಟು ಹಾಕಿರುತ್ತಾರೆ ಎಂಬ ಕಾರಣಕ್ಕೆ. ಇದು ನನಗೆ ಗೊತ್ತಾದದ್ದು ಹೊಳಲ್ಕೆರೆಯಿಂದ ಮಾರಿಕಣಿವೆಗೆ ನಡೆದು ಹೊರಟಾಗ. ನನ್ನ ಹೆಂಡತಿ ಸರೋಜ ಸರಸರ ನಡೆದು, ಕಂಡವರನ್ನೆಲ್ಲ ಮಾತಾಡಿಸುತ್ತಾ ನಿಲ್ಲುತ್ತಾಳೆ. ನಾನು ನಿಧಾನವಾಗಿ ನಡೆದು, ಯಾರನ್ನೂ ಮಾತಾಡಿಸದೆ ನಿಲ್ಲುತ್ತೇನೆ. ಅಂತೂ ಮೊದಲ ದಿನ ಹೊಸದುರ್ಗ ತಲುಪಿ ನೆಂಟರ ಮನೆಯಲ್ಲಿ ಉಳಿದುಕೊಂಡೆವು.

ನಡೆಯುವ ಹುಚ್ಚು ನನ್ನದಲ್ಲ. ಹೋದ ಮಳೆಗಾಲದಲ್ಲಿ ನನಗೆ ಡೆಂಗೀ ಬಂದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮಲಗಿದ್ದೆ. ಡಾಕ್ಟರು ಕೂಡ ನನ್ನ ಕಡೆ ನೋಡದೆ ಮಾತಾಡತೊಡಗಿದ ದಿನಗಳವು. ಆಗ ಹೊಳಲ್ಕೆರೆಯ ನಮ್ಮಕ್ಕ ಕಣಿವೆ ಮಾರಮ್ಮನಿಗೆ ಹರಕೆ ಹೊತ್ತಳು. ನಡೆಯಬೇಕಾದವನು ನಾನು, ಹೊತ್ತವಳು ಅವಳು. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದಲೂ ಕೆಲಸ ಹಂಚುವ ರೀತಿ ಇದೇ.

ಎರಡನೆಯ ದಿನ ಬೆಳಿಗ್ಗೆ ಊರು ದಾಟಿ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾ ಹೋಗುತ್ತಿರುವಾಗ ಅಕ್ಕನ ಫೋನು ಬಂತು. "ಹರಕೆ ಹೊತ್ತಂಗೇ ಹೊಂಟಿದೀಯ ತಾನೆ? ಜೋಡಿಲ್ದಂಗೆ?" ಎಂದಳು. ನಾನು ನಿಂತುಬಿಟ್ಟೆ. ಈ ಷರತ್ತನ್ನು ಅವಳು ಹೇಳಿದ್ದು ಅದೇ ಮೊದಲು.

ನಮ್ಮ ಕಡೆ ಹಿರಿಯರ ಬಾಯಲ್ಲಿ ಜೋಡು ಎಂದರೆ ಕಾಲಿನ ಚಪ್ಪಲಿ. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು ಒಂದು ಅರ್ಥಕ್ಕೆ ತೃಪ್ತನಾಗುತ್ತಾನೆಯೇ? ಹಳೆಯ ಕಾವ್ಯಗಳಲ್ಲಿ ಯುದ್ಧದ ಕವಚಕ್ಕೂ ಜೋಡು ಎನ್ನುತ್ತಾರೆ. ಅದು ನನ್ನಲ್ಲಿ ಇಲ್ಲದ್ದರಿಂದ ಬಿಡುವ ಪ್ರಶ್ನೆ ಏಳಲಿಲ್ಲ. ಇನ್ನು ಜೊತೆಗಾರ, ಜೊತೆಗಾತಿ ಎಂಬ ಅರ್ಥವೂ ಉಂಟು. ನನ್ನ ಕಾಲಲ್ಲಿ ಈ ನಡಿಗೆಗೆಂದೇ ಕೊಂಡ ಮೆತ್ತನೆಯ ಹೊಸ ಶೂ ಇದ್ದವು. ಹೀಗಾಗಿ ನಾನು ಯಾವ ಅರ್ಥದ ಪಕ್ಷ ವಹಿಸಿದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

"ಅಕ್ಕ, ಯಾವ ಜೋಡು?" ಎಂದು ಕೇಳಿದೆ.

"ನಾನು ಜೋಡು ಅಂದೆ. ಯಾವ ಜೋಡು ಅಂತ ಮಾರಮ್ಮನೇ ಕೇಳ್ಲಿಲ್ಲ, ನೀನ್ಯಾವನಲೇ ಕೇಳಾಕೆ?" ಎಂದು ಫೋನಿಟ್ಟಳು.

ನಾನು ಸರೋಜನಿಗೆ ಶ್ಲೇಷಾಲಂಕಾರದ ಲಕ್ಷಣವನ್ನು ವಿವರಿಸಿದೆ. ಹರಕೆಯ ಪ್ರಕಾರ ಅವಳು ಮುಂದಿನ ಬಸ್ಸಿಗೆ ಊರಿಗೆ ಮರಳಬೇಕಾಗುತ್ತದೆ ಎಂದು ವಿಷಾದದಿಂದ ತಿಳಿಸಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು, "ನಾನು ಬರಾದು ಬರಾದೇ. ನೀವು ಶೂ ಬಿಚ್ರಿ" ಎಂದಳು. "ಹಾಗಾದರೆ ನಿನ್ನ ಚಪ್ಪಲಿ?" ಎಂದೆ. "ಹರಕೆ ನಂದಲ್ಲ" ಎಂದಳು. ವ್ಯಾಕರಣದಲ್ಲಿ ಅವಳು ಹಿಂದೆಯೂ ನನ್ನನ್ನು ಸೋಲಿಸಿದ್ದಾಳೆ.

ತೆಂಗಿನ ತೋಟದ ಪಕ್ಕ ಎಳನೀರು ಮಾರುತ್ತಿದ್ದ ಅಜ್ಜಿಯ ಮುಂದೆ ನ್ಯಾಯ ಇಟ್ಟೆವು. ಅವಳು ಎರಡು ಎಳನೀರು ಕೆತ್ತಿ ಕೊಡುವಷ್ಟರಲ್ಲಿ ತೀರ್ಪನ್ನೂ ಕೊಟ್ಟಳು. "ಮಾರಮ್ಮನ ಕೂಡ ಯಾಕ್ರಿ ತಕರಾರು? ಎರಡೂ ಬಿಡ್ರಿ. ಕಾಲಾಗಿನ ಜೋಡೂ ಬಿಡ್ರಿ, ಈ ಯಮ್ಮನ್ನೂ ಹಿಂದಕ್ಕೆ ಬಿಡ್ರಿ."

ಜಗಳವಾಡುವ ಗಂಡ ಹೆಂಡತಿ ಮೂರನೆಯವರ ಹತ್ತಿರ ಹೋದರೆ ಇಬ್ಬರೂ ಸೋಲುತ್ತಾರೆ ಎಂಬುದಕ್ಕೆ ನಾನೇ ಸಾಕ್ಷಿ. ಆಮೇಲಿನ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ಮುಂದೆ ಬರಿಗಾಲಿನಲ್ಲಿ, ಶೂಗಳ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ನಾನು. ಒಂದು ಕೂಗಳತೆ ಹಿಂದೆ, ಯಾರೋ ಪರಿಚಯವಿಲ್ಲದವಳ ಹಾಗೆ ಚಪ್ಪಲಿ ಸದ್ದು ಮಾಡುತ್ತಾ ಸರೋಜ. ದಾರಿಹೋಕರೊಬ್ಬರು ಬೈಕು ನಿಲ್ಲಿಸಿ, "ಯಾಕ್ ಸಾರ್, ಮನೇಲಿ ಸಿಟ್ಟಾಗಿದಾರಾ?" ಎಂದು ಮರುಕಪಟ್ಟರು. ಟಾರು ಕಾವಲಿಯಂತೆ ಕಾದಿತ್ತು. ರಸ್ತೆಯಂಚಿಗೆ ಇಳಿದರೆ ನೆಗ್ಗಿಲು ಮುಳ್ಳು. ಆದರೆ ಕಾಲಿಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಬೇರೆಯೇ: ಹೊಲದಲ್ಲೊಂದು ನವಿಲು ಕಂಡಿತು, "ನೋಡೇ" ಎಂದು ಪಕ್ಕಕ್ಕೆ ತಿರುಗಿದೆ, ಪಕ್ಕದಲ್ಲಿ ಯಾರೂ ಇರಲಿಲ್ಲ. ಬೇಸರವಾಯಿತು. ನಿಜ ಹೇಳಬೇಕೆಂದರೆ, ಭಯವೇ ಆಯಿತು.

ಆ ಯೋಚನೆಯಲ್ಲೇ ಬಳ್ಳಾರಿ ಜಾಲಿಯ ಮುಳ್ಳು ತುಳಿದೆ. ಹಿಮ್ಮಡಿಗೆ ನೆಟ್ಟಿತು. ರಸ್ತೆಯ ಮೋರಿಕಟ್ಟೆಯ ಮೇಲೆ ಕುಳಿತು ನೋಡಿದೆ. ನನ್ನ ವಯಸ್ಸಿನಲ್ಲಿ ನಮ್ಮ ಹಿಮ್ಮಡಿ ನಮ್ಮ ಕಣ್ಣಿಗೇ ಕಾಣಿಸುವುದಿಲ್ಲ, ಮಧ್ಯೆ ಹೊಟ್ಟೆ ಬರುತ್ತದೆ. ಸರೋಜ ದೂರದಲ್ಲೇ ನಿಂತು ಒಂದು ಗಳಿಗೆ ನೋಡಿದಳು. ಆಮೇಲೆ ಹರಕೆ, ತೀರ್ಪು ಎಲ್ಲವನ್ನೂ ಅಲ್ಲೇ ಬಿಟ್ಟು ಓಡಿ ಬಂದಳು. ತಾಳಿ ಸರದಲ್ಲಿ ನೇತುಹಾಕಿದ್ದ ಪಿನ್ನು ಬಿಚ್ಚಿ, ನನ್ನ ಕಾಲನ್ನು ಮಡಿಲಿಗೆ ಎಳೆದುಕೊಂಡು, ಮುಳ್ಳು ಕೀಳಲು ಕುಳಿತಳು.

"ಲೇ, ಹರಕೆ ಕೆಟ್ಟೋಯ್ತಲ್ಲ" ಎಂದೆ. "ಜೋಡು ಬಂದುಬಿಟ್ಟಳಲ್ಲ."

ಅವಳು ತಲೆ ಎತ್ತಲಿಲ್ಲ. "ಏನೂ ಕೆಟ್ಟಿಲ್ಲ, ಸುಮ್ನೆ ಕುಂತ್ಕಳ್ರಿ. ಜೋಡಿಲ್ದಂಗೆ ಇರಾದು ಹೆಂಗಿರ್ತೈತೆ ಅಂತ, ನೀವು ಕಣ್ಣು ಬಿಡದಂಗೆ ಮಲಗಿದ್ದಾಗ ಆಸ್ಪತ್ರೆ ಬಾಗ್ಲಾಗೆ ಕುಂತು ನೋಡಿದೀನಿ. ಆ ಹರಕೆ ನಾನು ಆಗ್ಲೇ ತೀರಿಸಿದೀನಿ. ಉಳಿದಿರಾದು ಚಪ್ಪಲೀದು. ಅದೊಂದು ನೀವು ತೀರಿಸ್ರಿ, ಸಾಕು."

ಮುಳ್ಳು ಬಂತು. ನನ್ನ ಕಣ್ಣಲ್ಲಿ ನೀರೂ ಬಂತು. ಅದು ಮುಳ್ಳಿನದೇ ಎಂದು ಅವಳು ತಿಳಿದಳೋ, ತಿಳಿದಂತೆ ನಟಿಸಿದಳೋ ಕೇಳಲಿಲ್ಲ. ಹರಕೆಯ ಅರ್ಥವನ್ನು ನಾನು ಹೊತ್ತವರನ್ನು ಕೇಳಿದೆ, ನಿಘಂಟನ್ನು ಕೇಳಿದೆ, ಎಳನೀರಿನ ಅಜ್ಜಿಯನ್ನೂ ಕೇಳಿದೆ. ತೀರಿಸಿದವಳನ್ನು ಕೇಳುವುದು ಮಾತ್ರ ಹೊಳೆದಿರಲಿಲ್ಲ.

"ಏಳ್ರಿ, ಬಿಸಿಲು ಏರ್ತಾ ಐತೆ, ಹೋಗಾಣ" ಎಂದು ಸರೋಜ ಕೈ ಚಾಚಿದಳು. ನಾನು ಹಿಡಿದುಕೊಂಡು ಎದ್ದೆ. ಅಲ್ಲಿಂದ ಕಣಿವೆಯವರೆಗೂ ಅಂಗಾಲು ಸುಡುತ್ತಲೇ ಇತ್ತು. ಜೋಡು ಮಾತ್ರ ಬಿಡಲಿಲ್ಲ.