ಗಡಿಬಿಡಿ ಏನೈತಿ, ತಮ್ಮಾ?

ಆ ಹಾಡನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತ ಬಂದವಳು. ಧಾರವಾಡದ ತವರಿನಲ್ಲಿ ಅವ್ವ ಹಾಡುತ್ತಿದ್ದಳು. ಮದುವೆಯಾಗಿ ಹುಬ್ಬಳ್ಳಿಯ ಕಮರಿಪೇಟೆಗೆ ಬಂದರೆ ಇಲ್ಲಿಯ ಹೆಂಗಸರ ಬಾಯಲ್ಲೂ ಅದೇ ಹಾಡು. ಪಂಚಮಿ ಹತ್ತಿರ ಬಂದು ಉಂಡಿ ಕಟ್ಟಲು ನಾಲ್ಕು ಜನ ಕೂತರೆ ಯಾರಾದರೊಬ್ಬರು ಎತ್ತಿಕೊಳ್ಳುತ್ತಾರೆ, ಉಳಿದವರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಅತ್ತು ಹಗುರಾಗಿ, ಚಹಾ ಕುಡಿದು, ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ನಾನೂ ಪ್ರತಿ ಸಲ ಅತ್ತಿದ್ದೇನೆ. ಅಳದೆ ಕೇಳಿದ್ದು ಒಂದೇ ಸಲ, ಹೋದ ವರ್ಷ, ನಮ್ಮದೇ ಪಡಸಾಲೆಯಲ್ಲಿ, ನನ್ನ ಸೊಸೆ ಹಾಡಿದಾಗ.

ಕಥೆ ದೊಡ್ಡದೇನಲ್ಲ. ಪಂಚಮಿಗೆ ಅಕ್ಕನನ್ನು ಕರೆಯಲು ತಮ್ಮ ಚಕ್ಕಡಿ ಕಟ್ಟಿಕೊಂಡು ಬರುತ್ತಾನೆ. ಅಕ್ಕನ ಅತ್ತೆ ಬಾಗಿಲಲ್ಲೇ ಎದುರಾಗಿ, ಅಕ್ಕ ನೀರಿಗೆ ಹೋಗಿದ್ದಾಳೆ, ಕೂಡು ಅನ್ನುತ್ತಾಳೆ. ಹೊತ್ತು ಏರುತ್ತದೆ. ಮತ್ತೆ ಕೇಳಿದರೆ ಹೊಲಕ್ಕೆ ಬುತ್ತಿ ಒಯ್ದಿದ್ದಾಳೆ. ಮೂರನೆಯ ಸಲ ಕೇಳಿದರೆ ಗುಡಿಗೆ ಹೋಗಿದ್ದಾಳೆ. ತಮ್ಮ ಉಣ್ಣುತ್ತಾನೆ, ಎಲೆಅಡಿಕೆ ಹಾಕುತ್ತಾನೆ. ಅಂಗಳದಲ್ಲಿ ಕಟ್ಟಿದ ಎತ್ತು ಮಾತ್ರ ನಿಂತಲ್ಲಿ ಕಾಲೂರದೆ ಬುಸುಗುಡುತ್ತದೆ. ಅದರ ಕಾಲ ಕೆಳಗೆ ಹಗೇವು, ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಅಕ್ಕ ಅದರೊಳಗಿದ್ದಾಳೆ.

ಹಾಡುವವರೆಲ್ಲ ತಮ್ಮನ ಮಾತಿಗೆ ದನಿ ನಡುಗಿಸುತ್ತಾರೆ, ಅತ್ತೆಯ ಮಾತಿಗೆ ಗಂಟಲು ಒರಟು ಮಾಡಿಕೊಳ್ಳುತ್ತಾರೆ. ಅತ್ತೆ ಎಂದರೆ ಹಲ್ಲು ಕಡಿಯುವ ರಾಕ್ಷಸಿಯೇ ಆಗಬೇಕು. ನನಗೆ ಅದು ಯಾವಾಗಲೂ ಸಿಟ್ಟು ತರಿಸುತ್ತಿತ್ತು. ಅಂಥ ದನಿಯಲ್ಲಿ ಕೂಡು ಎಂದರೆ ಯಾವ ತಮ್ಮ ಕೂಡುತ್ತಾನೆ? ಎದ್ದು ಹುಡುಕುತ್ತಾನೆ. ಈ ಮಾತನ್ನು ನಾನು ಸೊಸೆಯ ಮುಂದೆಯೂ ಒಮ್ಮೆ ಆಡಿದ್ದೆ. ಆಗ ಅವಳು ರೊಟ್ಟಿ ಬಡಿಯುತ್ತಿದ್ದಳು.

ನಾನು ಮೂವತ್ತು ವರ್ಷ ಕನ್ನಡ ಸಾಲಿ ಕಲಿಸಿದವಳು, ಹಿರಿಯರಿಗೂ ಕಿರಿಯರಿಗೂ ‘ಅಕ್ಕಾರು’. ಧಾರವಾಡದ ಮಗಳು, ಮಾತು ಬೆಣ್ಣೆಯಂಥದ್ದು ಎಂದು ಓಣಿಯೆಲ್ಲ ಹೊಗಳುತ್ತದೆ, ನಾನೂ ಹೊಗಳಿಸಿಕೊಂಡಿದ್ದೇನೆ. ನಮ್ಮ ಮನೆಗೆ ಬಂದವರು ಚಹಾ ಕುಡಿಯದೆ ಹೋದದ್ದಿಲ್ಲ. ಯಾರಾದರೂ ಏಳಲು ಹೊರಟರೆ ‘ಗಡಿಬಿಡಿ ಏನೈತಿ?’ ಎಂದು ಮೊಣಕಾಲ ಮೇಲೆ ಮೆಲ್ಲಗೆ ಕೈಯಿಟ್ಟು ಕೂರಿಸುತ್ತೇನೆ. ಓಣಿಯ ಮಕ್ಕಳು ಆಟದಲ್ಲಿ ನನ್ನನ್ನು ಅಣಕಿಸುವುದೂ ಅದೇ ಮಾತಿನಿಂದ.

ಈಗ ನನ್ನ ಮಗನ ವಿಷಯ ಹೇಳಬೇಕು. ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಗುಮುಖ, ಹಿರಿಯರನ್ನು ಕಂಡರೆ ಬಗ್ಗಿ ಮಾತಾಡುತ್ತಾನೆ, ನನ್ನ ಮಾತೇ ಅವನಿಗೂ ಬಂದಿದೆ. ಅವನು ಹೆಂಡತಿಯನ್ನು ಹೊಡೆಯುತ್ತಿದ್ದ. ಇದನ್ನು ಬರೆಯಲು ನನಗೆ ಒಂದು ವರ್ಷ ಬೇಕಾಯಿತು. ಮೊದಲ ಸಲ ನೋಡಿದಾಗ ಬೈದೆ. ಎರಡನೆಯ ಸಲ ಅತ್ತುಬಿಟ್ಟೆ. ಮೂರನೆಯ ಸಲದಿಂದ ಮುಚ್ಚಿಡಲು ಕಲಿತೆ, ಯಾಕೆಂದರೆ ಮನೆಯ ಮರ್ಯಾದೆ ಎಂಬುದೊಂದಿತ್ತು, ಮತ್ತು ಮಗ ಒಬ್ಬನೇ.

ಸೊಸೆ ಹೆಬ್ಬಳ್ಳಿಯವಳು. ಅವಳ ತಮ್ಮ ಅಲ್ಲಿ ಹೊಲ ನೋಡಿಕೊಂಡಿದ್ದಾನೆ, ನಾಚಿಕೆಯ ಹುಡುಗ, ಇಪ್ಪತ್ತೈದರ ಮೇಲಾದರೂ ನನ್ನ ಮುಂದೆ ಕುರ್ಚಿಯ ತುದಿಯಲ್ಲೇ ಕೂರುತ್ತಾನೆ. ಆ ವರ್ಷ ಅವನು ಎರಡು ಸಲ ಬಂದಿದ್ದ. ಒಮ್ಮೆ ಅಕ್ಕ ಪಕ್ಕದ ಓಣಿಯ ಮದುವೆಗೆ ಹೋಗಿದ್ದಾಳೆ ಎಂದೆ. ಇನ್ನೊಮ್ಮೆ ತಲೆನೋವು, ಮಲಗಿದ್ದಾಳೆ, ಎಬ್ಬಿಸುವುದು ಬೇಡ ಎಂದೆ. ಎರಡೂ ಸಲ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು, ತುಟಿ ಬಾತುಕೊಂಡಿತ್ತು. ಎರಡೂ ಸಲ ತಮ್ಮ ಅವಲಕ್ಕಿ ತಿಂದು, ಚಹಾ ಕುಡಿದು, ನನ್ನ ಕಾಲು ಮುಟ್ಟಿ ಹೋದ. ಬೀಗರ ಮನೆಯಲ್ಲಿ ಉಪಚಾರ ಚೆನ್ನಾಗಿ ಆದರೆ ಮಗಳು ಸುಖವಾಗಿದ್ದಾಳೆ ಎಂದೇ ನಮ್ಮ ಕಡೆ ಲೆಕ್ಕ. ಅವಳ ಮೊಬೈಲು ನನ್ನ ಕಪಾಟಿನಲ್ಲಿತ್ತು. ಫೋನು ಬಂದರೆ ನಾನೇ ಎತ್ತಿ, ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತಿದ್ದೆ.

ಪಂಚಮಿಗೆ ತವರಿಗೆ ಕಳಿಸಕೂಡದು ಎಂದು ಮಗ ಹೇಳಿದ. ಕಾರಣ ನನಗೂ ಗೊತ್ತಿತ್ತು. ತವರಿಗೆ ಹೋದ ಮಗಳಿಗೆ ಅವ್ವ ಎಣ್ಣೆ ಹಚ್ಚಿ ಎರೆಯುತ್ತಾಳೆ, ಬೆನ್ನು ನೋಡುತ್ತಾಳೆ. ಆ ಬೆನ್ನು ಯಾರೂ ನೋಡುವ ಹಾಗಿರಲಿಲ್ಲ. ಬೆನ್ನಿಗೆ ಸೆರಗಿತ್ತು, ಆದರೆ ಬಲಗೈ ಮಣಿಕಟ್ಟಿನ ಸುತ್ತ ಕಂದಿದ ಗುರುತು ಕಾಣುತ್ತಿತ್ತು. ಬಳೆಗಾರ ಓಣಿಗೆ ಬಂದಾಗ ನಾನೇ ಕೂರಿಸಿ ಆ ಕೈಗೆ ಒಂದು ಡಜನ್ ಹೆಚ್ಚು ಹಸಿರು ಬಳೆ ಇಡಿಸಿದೆ. ‘ಇಂಥಾ ಅತ್ತಿ ಸಿಗಬೇಕಂದ್ರ ಪುಣ್ಯ ಮಾಡಿರಬೇಕವ್ವ’ ಎಂದ ಆ ಮುದುಕ. ನಾನು ನಕ್ಕೆ.

ರೊಟ್ಟಿ ಪಂಚಮಿಗೆ ಎರಡು ದಿನ ಮೊದಲು ಮಧ್ಯಾಹ್ನ ನಮ್ಮಲ್ಲಿ ಉಂಡಿ ಕಟ್ಟುವ ಸರದಿ. ಎದುರು ಮನೆಯ ಕಾಕು ಬಂದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ನಗಲು ಕಾರಣ ಬೇಡ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಹುಡುಗಿಯೂ ರಜೆ ಇದ್ದದ್ದರಿಂದ ಇಳಿದು ಬಂದಳು. ಓಣಿಯ ಇನ್ನೂ ಮೂರ್ನಾಲ್ಕು ಜನರಿದ್ದರು. ಹೊರಗೆ ಶ್ರಾವಣದ ಜಿಟಿಜಿಟಿ. ಪರಾತದಲ್ಲಿ ಶೇಂಗಾ ಹಾಕಿ, ಬೆಲ್ಲದ ಪಾಕ ಸುರಿದು, ಬಿಸಿ ಇರುವಾಗಲೇ ಎಲ್ಲರೂ ಕೈಗೆ ತುಪ್ಪ ಸವರಿಕೊಂಡು ಕಟ್ಟತೊಡಗಿದೆವು. ಪಾಕ ಆರಿದರೆ ಮುಗಿಯಿತು, ಉಂಡಿ ಕೂಡುವುದಿಲ್ಲ.

‘ಒಬ್ಬರ ಬಾಯಾಗರ ಹಾಡು ಬರವಲ್ದಲ್ಲ,’ ಎಂದರು ಕಾಕು. ‘ಏ ಹುಡುಗಿ, ನೀ ಹಾಡು. ನಿನ್ನ ದನೀನs ಕೇಳಿಲ್ಲ ನಾವು.’

ಸೊಸೆ ನನ್ನ ಕಡೆ ನೋಡಿದಳು. ನಾನು ಧಾರಾಳವಾಗಿ, ‘ಹಾಡವಾ, ನಮ್ಮವರs ಅದಾರ’ ಎಂದೆ.

ತಲೆ ಬಗ್ಗಿಸಿ, ಉಂಡಿ ಕಟ್ಟುತ್ತಲೇ ಶುರು ಮಾಡಿದಳು. ಗಂಟಲು ಸಾಧಾರಣ. ತಮ್ಮನ ಮಾತನ್ನು ಅವಳು ನಡುಗಿಸಲಿಲ್ಲ, ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಇವಳಿಗೆ ಹಾಡು ಬರುವುದಿಲ್ಲ ಎಂದುಕೊಂಡೆ. ಆಮೇಲೆ ಅತ್ತೆಯ ಮಾತು ಬಂತು.

‘ಬಾರಪಾ ತಮ್ಮಾ, ಕಾಲ್ತೊಳಿ, ನೆಳ್ಳಾಗ ಕೂಡು. ಅಕ್ಕ ನೀರಿಗಿ ಹೋಗ್ಯಾಳ, ಗಡಿಬಿಡಿ ಏನೈತಿ?’

ಎಷ್ಟು ಸವಿಯಾಗಿತ್ತೆಂದರೆ ನಾನು ನಕ್ಕುಬಿಟ್ಟೆ. ಎಲ್ಲರಿಗಿಂತ ಮೊದಲು ನಕ್ಕವಳು ನಾನೇ. ಕಾಕು ತೊಡೆ ತಟ್ಟಿ ನಕ್ಕರು. ಉಳಿದವರೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು, ಆದರೆ ಅವರು ನೋಡುತ್ತಿದ್ದದ್ದು ಸೊಸೆಯನ್ನಲ್ಲ, ನನ್ನನ್ನು. ಆ ಕೊನೆಯ ಮಾತು ಹಾಡಿನಲ್ಲಿ ಇಲ್ಲವೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ನಮ್ಮ ದನಿಯ ಗುರುತು ನಮಗೇ ಹತ್ತುವುದಿಲ್ಲ. ಅದು ನನ್ನ ದನಿ, ಸಾಲಿನ ಕೊನೆಗೆ ನಾನು ಎಳೆಯುವ ಎಳೆತ ಸಮೇತ.

ಎರಡನೆಯ ಸಲ ಅತ್ತೆಯ ಮಾತು ಬಂದಾಗ ನಗು ಅರ್ಧವಾಯಿತು. ಅಕ್ಕ ಬುತ್ತಿ ಒಯ್ದಾಳ, ಚಾ ಕುಡಿ ತಮ್ಮಾ, ಗಡಿಬಿಡಿ ಏನೈತಿ. ಹಳೆಯ ಹಾಡಿನಲ್ಲಿ ಚಹಾ ಎಲ್ಲಿಂದ ಬರಬೇಕು! ಆದರೆ ಯಾರೂ ಅದನ್ನು ಎತ್ತಿ ಆಡಲಿಲ್ಲ. ನರ್ಸ್ ಹುಡುಗಿಯ ಕೈ ನಿಂತಿತ್ತು. ಅವಳು ಸೊಸೆಯ ಬಲಗೈಯನ್ನೇ ನೋಡುತ್ತಿದ್ದಳು. ಉಂಡಿ ಕಟ್ಟುವಾಗ ನಾವೆಲ್ಲ ಬಳೆಗಳನ್ನು ಮೊಣಕೈಯತ್ತ ಸರಿಸಿಕೊಳ್ಳುತ್ತೇವೆ. ಸೊಸೆ ಸರಿಸಿಕೊಂಡಿರಲಿಲ್ಲ, ಬಳೆಗೆಲ್ಲ ಪಾಕ ಮೆತ್ತಿತ್ತು.

ಮೂರನೆಯ ಸಲಕ್ಕೆ ಯಾರೂ ನಗಲಿಲ್ಲ. ಅವಳು ದನಿ ಏರಿಸಲಿಲ್ಲ. ಅಷ್ಟೇ ನಯವಾಗಿ, ಅಷ್ಟೇ ಅಕ್ಕರೆಯಿಂದ ಅಕ್ಕ ಗುಡಿಗೆ ಹೋಗ್ಯಾಳ ಎಂದಳು. ಎತ್ತು ಬುಸುಗುಟ್ಟುವ ಸಾಲಿಗೆ ಬಂದು ಅಲ್ಲಿಗೇ ನಿಲ್ಲಿಸಿದಳು. ಹಗೇವು ತೆಗೆಯುವ ನುಡಿಗಳನ್ನು ಹಾಡಲೇ ಇಲ್ಲ.

ಯಾರೂ ಅಳಲಿಲ್ಲ. ಹಾಡಿದವಳ ಬಾಯಿಗೆ ಒಂದು ತುಂಡು ಉಂಡಿ ಇಡುವುದು ನಮ್ಮ ರೂಢಿ, ಅದನ್ನೂ ಯಾರೂ ಮಾಡಲಿಲ್ಲ. ಪರಾತದಲ್ಲಿ ಪಾಕ ಆರಿ ಶೇಂಗಾ ಎಲ್ಲ ಒಂದೇ ಹೆಂಟೆಯಾಗಿತ್ತು. ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದಳಲ್ಲ ಎಂದು ಮೈ ಉರಿಯಿತು. ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದರು.

‘ಅಕ್ಕಾರ, ಅಕಿ ತಮ್ಮ ಯಾವಾಗ ಬರ್ತಾನ್ರಿ?’

‘ನಾಳಿ ಮುಂಜಾನಿ,’ ಎಂದೆ.

‘ನಾ ನಮ್ಮ ಬಾಗಲದಾಗs ಕುಂತಿರ್ತೇನ್ರಿ,’ ಎಂದು ಚಪ್ಪಲಿ ಮೆಟ್ಟಿದರು. ಚಹಾಕ್ಕೆ ಯಾರೂ ನಿಲ್ಲಲಿಲ್ಲ.

ಸಂಜೆ ಮಗ ಕೆಲಸದಿಂದ ಬಂದು ಕೈಕಾಲು ತೊಳೆದು ಕೂತ. ಹಾಡಿನ ಸುದ್ದಿ ನಾನು ಎತ್ತಲಿಲ್ಲ, ಅವನೇ ಎತ್ತಿದ. ಗಟ್ಟಿಯಾದ ಶೇಂಗಾ ಹೆಂಟೆಯನ್ನು ಮುರಿದು ಬಾಯಿಗೆ ಹಾಕಿಕೊಂಡು, ಕಟಂಕಟಂ ಅಗಿಯುತ್ತ ನಗುನಗುತ್ತ ಕೇಳಿದ.

‘ಇವತ್ತ ಮನ್ಯಾಗ ಭಾಳ ಛಲೋ ಹಾಡು ಆತಂತ? ಓಣಿಯಾಗ ಮಾತಾಡಾಕತ್ತಿದ್ರು.’

ಸೊಸೆ ತಟ್ಟೆ ಇಡುತ್ತಿದ್ದವಳು ಹಾಗೇ ನಿಂತಳು.

‘ನಾಳಿ ನಾ ಕೆಲಸಕ್ಕ ಹೋಗಂಗಿಲ್ಲ,’ ಎಂದ. ‘ನಿನ್ನ ತಮ್ಮ ಬಂದು ಹೋಗಲಿ. ಆಮ್ಯಾಲ ನನಗೂ ಹಾಡಿ ತೋರಿಸು. ಪೂರ್ತಿ ಹಾಡು ಮತ್ತ. ಅರ್ಧಕ್ಕ ಬಿಡಬಾರದು.’

ಅಷ್ಟು ಮೆತ್ತಗೆ ಹೇಳಿದ. ನಾಳೆ ತಮ್ಮನನ್ನು ನಾನು ಚಹಾ ಕೊಟ್ಟು ಕಳಿಸಿದರೆ ಈ ಹುಡುಗಿ ಪಂಚಮಿಯನ್ನು ಕಾಣುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಖಾತ್ರಿಯಾದ ಮೇಲೂ ನಾನು ಅವನಿಗೆ ಊಟಕ್ಕೆ ಬಡಿಸಿದೆ, ‘ಇನ್ನೊಂದು ರೊಟ್ಟಿ ಹಾಕಲೇನು?’ ಎಂದೂ ಕೇಳಿದೆ.

ಮುಂಜಾನೆ ಹತ್ತರ ಸುಮಾರಿಗೆ ತಮ್ಮನ ಬೈಕು ಬಂದು ನಿಂತಿತು. ಮಗ ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಸೊಸೆ ಅಡುಗೆಮನೆಯಲ್ಲಿದ್ದಳು. ನಾನು ಬಾಗಿಲಿಗೆ ಹೋದೆ. ಹುಡುಗ ತೊಯ್ದ ತಲೆ ಒರೆಸಿಕೊಳ್ಳುತ್ತ, ‘ಅಕ್ಕ ಎಲ್ಲಿದಾಳ್ರಿ, ಅತ್ತೀ?’ ಎಂದ.

‘ಬಾರಪಾ ತಮ್ಮಾ, ಗುಡಿಗೆ ಹೋಗ್ಯಾಳ, ಕೂಡು...’

ಬಾಯಿ ತಾನೇ ಆಡಿತು, ನನ್ನನ್ನು ಕೇಳಲಿಲ್ಲ. ಅವನು ಚಪ್ಪಲಿ ಬಿಡತೊಡಗಿದ. ಅವನ ಹೆಗಲ ಮೇಲಿಂದ ಎದುರು ಮನೆ ಕಾಣುತ್ತಿತ್ತು. ಕಾಕು ಹೇಳಿದ ಹಾಗೆ ಬಾಗಿಲಲ್ಲಿ ಕೂತಿದ್ದರು, ಮಡಿಲಲ್ಲಿ ಹಸನು ಮಾಡುವ ಅಕ್ಕಿಯ ಮೊರ. ಅವರ ಕೈ ಆಡುತ್ತಿರಲಿಲ್ಲ. ಮಹಡಿಯ ಮೆಟ್ಟಿಲ ಮೇಲೆ ನರ್ಸ್ ಹುಡುಗಿ ನಿಂತಿದ್ದಳು. ಮುಂದಿನ ಮಾತು ಯಾವುದೆಂದು ಅವರಿಬ್ಬರಿಗೂ ಗೊತ್ತಿತ್ತು. ಅದಕ್ಕೇ ಕಾಯುತ್ತಿದ್ದರು.

‘ಇಲ್ಲ,’ ಎಂದೆ. ‘ಒಳಗs ಅದಾಳ. ಕರಕೊಂಡು ಹೋಗು. ಈಗs ಹೋಗು. ಚಾ ಕುಡೀಬ್ಯಾಡ.’

ಮನೆಗೆ ಬಂದವರಿಗೆ ಚಹಾ ಬೇಡವೆಂದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಹುಡುಗ ನನ್ನ ಮುಖ ನೋಡಿದ, ಆಮೇಲೆ ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿ, ಹಾಗೇ ಅಡುಗೆಮನೆಯತನಕ ನಡೆದುಹೋದ. ಇದನ್ನು ನಾನು ಒಳ್ಳೆಯತನದಿಂದ ಮಾಡಿದೆ ಎಂದು ಯಾರೂ ತಿಳಿಯಬೇಡಿ. ಕಾಕುವಿನ ಆ ಕಣ್ಣು ಇಲ್ಲದಿದ್ದರೆ ನಾನು ಹಾಲು ಕಾಯಿಸಲು ಇಡುತ್ತಿದ್ದೆ.

ಸೊಸೆ ಉಟ್ಟ ಸೀರೆಯಲ್ಲೇ ಹೊರಬಂದಳು. ಹೊಸ್ತಿಲ ಹತ್ತಿರ ನಿಂತು ನಾನು ಇಡಿಸಿದ ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟಳು. ತಮ್ಮ ಅವಳ ಮಣಿಕಟ್ಟು ನೋಡಿದ. ಮಗ ಮಂಚದಿಂದ ಏಳಲಿಲ್ಲ, ‘ಹೋಗಿ ಬಾ’ ಎಂದು ನಕ್ಕ. ಬೈಕಿನ ಸದ್ದು ಓಣಿಯ ತಿರುವು ದಾಟಿದ ಮೇಲೆ ನನ್ನತ್ತ ತಿರುಗಿ, ‘ನೀ ಬಲು ಶ್ಯಾಣ್ಯಾಕಿ ಬಿಡವ್ವಾ’ ಎಂದ.

ಅವಳು ಮತ್ತೆ ಬರಲಿಲ್ಲ. ಹೆಬ್ಬಳ್ಳಿಯಲ್ಲೇ ಇದ್ದಾಳೆ, ಕೋರ್ಟಿನಿಂದ ಕಾಗದ ಬಂದಿದೆ, ಆರಾಮಾಗಿದ್ದಾಳೆ ಎಂದು ಕೇಳಿದ್ದೇನೆ. ನರ್ಸ್ ಹುಡುಗಿ ಬೇರೆ ಕಡೆ ಮನೆ ಮಾಡಿಕೊಂಡು ಹೋದಳು. ನಮ್ಮಲ್ಲಿ ಉಂಡಿ ಕಟ್ಟಲು ಈಗ ಯಾರೂ ಬರುವುದಿಲ್ಲ. ಮನೆಯಲ್ಲಿ ನಾನು ಮತ್ತು ಮಗ.

ಈ ಪಂಚಮಿಯ ಮಾತು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಂಡಿ ಕಟ್ಟುತ್ತಿದ್ದೆ. ಬಲಗೈ ಸರಿಯಾಗಿ ಮಡಚುತ್ತಿರಲಿಲ್ಲ. ಗಂಡ ಹೋದ ಮೇಲೆ ಬಳೆ ಬಿಟ್ಟವಳು ನಾನು, ಮಣಿಕಟ್ಟಿಗೆ ಸೆರಗೇ ಗತಿ. ಪಡಸಾಲೆಯಲ್ಲಿ ನನ್ನ ಫೋನು ರಿಂಗಾಯಿತು. ಧಾರವಾಡದಿಂದ ನನ್ನ ತಮ್ಮ. ಅವನಿಗೂ ಅರವತ್ತಾಯಿತು, ಆದರೂ ಪ್ರತಿ ಪಂಚಮಿಗೆ ಅಕ್ಕನನ್ನು ಕರೆಯುವುದು ತಪ್ಪಿಸಿಲ್ಲ. ನಾನು ಏಳುವುದರೊಳಗೆ ಮಗ ಫೋನು ಎತ್ತಿದ.

‘ಅವ್ವ ಗುಡಿಗೆ ಹೋಗ್ಯಾಳ್ರಿ, ಮಾವಾ... ಆರಾಮ ಅದಾಳ್ರಿ... ಬರ್ತಾಳ, ಬರ್ತಾಳ. ಗಡಿಬಿಡಿ ಏನೈತ್ರಿ?’

ಎಷ್ಟು ಸವಿಯಾಗಿ ಹೇಳಿದ! ಕೊನೆಗೆ ಎಳೆಯುವ ಎಳೆತವೂ ನನ್ನದೇ. ಧಾರವಾಡದಲ್ಲಿ ನನ್ನ ತಮ್ಮ ಸಮಾಧಾನವಾಗಿ ನಗುವುದು ಫೋನಿನೊಳಗಿಂದ ನನಗೂ ಕೇಳಿಸಿತು.

ಪಾಕ ಆರುತ್ತಿತ್ತು. ಅಡುಗೆಮನೆಯ ಕಿಟಕಿ ಓಣಿಗೆ ತೆರೆಯುತ್ತದೆ, ಎದುರು ಮನೆಯ ಬಾಗಿಲು ತೆರೆದೇ ಇತ್ತು. ಕಾಕುವಿಗೆ ಈಗ ಕಿವಿ ಸ್ವಲ್ಪ ಮಂದ. ನಾನು ಕಿಟಕಿಯ ಹತ್ತಿರ ಹೋಗಿ, ಎಷ್ಟು ಗಟ್ಟಿಯಾಗಿ ಆಗುತ್ತದೋ ಅಷ್ಟು ಗಟ್ಟಿಯಾಗಿ ಆ ಹಾಡಿನ ಮೊದಲ ನುಡಿ ಎತ್ತಿಕೊಂಡೆ. ಪಡಸಾಲೆಯಲ್ಲಿ ಮಗ ಫೋನು ಕೆಳಗಿಟ್ಟ ಸದ್ದಾಯಿತು. ನಾನು ಎರಡನೆಯ ನುಡಿಗೆ ಹೋದೆ.