ಏಣಿ ಇಳಿಯದೆ ನಿಂತ ಲರೂಸಿ

ಸ್ಫಾಕ್ಸ್ ಊರಿನ ನಮ್ಮ ಆಲಿವ್ ಎಣ್ಣೆ ಕಾರ್ಖಾನೆಯಲ್ಲಿ ಲರೂಸಿ ತೊಟ್ಟಿ ತೊಳೆಯುವವನು. ಕಾಯಿ ಹಿಂಡಿದ ಮೇಲೆ ಉಳಿಯುವ ಕಪ್ಪು ನೀರು ನೆಲದಡಿಯ ತೊಟ್ಟಿಗೆ ಇಳಿಯುತ್ತದೆ. ಕೊಳೆತರೆ ವಿಷಗಾಳಿ ಏಳುತ್ತದೆ. ಹನ್ನೊಂದು ವರ್ಷದ ಹಿಂದೆ ಬೇರೊಂದು ಗಾಣದಲ್ಲಿ ಅವನ ಅಣ್ಣ ಅಯ್ಯಾಶಿ, ಅಂಥದೇ ತೊಟ್ಟಿಯಲ್ಲಿ ಬಿದ್ದವನನ್ನು ಎತ್ತಲು ಇಳಿದು, ಅವನ ಜೊತೆಗೇ ಸತ್ತ. "ನನ್ನ ಮಗ ಹೆದರಿ ನಿಂತವನಲ್ಲ" ಎಂದು ತಾಯಿ ಮಬ್ರೂಕಾ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮನೆಯ ದುಃಖಕ್ಕೆ ಇದ್ದ ಆಸರೆ ಅದೊಂದೇ.

ಕಳೆದ ಸುಗ್ಗಿಗೆ ಮುಂಚೆ ವರ್ಚುವಲ್ ರಿಯಾಲಿಟಿ ಕನ್ನಡಕ ಬಂತು. ಅದರಲ್ಲಿ ಪಾಸಾಗದೆ ಯಾರೂ ತೊಟ್ಟಿ ಕೆಲಸಕ್ಕೆ ಹೋಗುವಂತಿಲ್ಲ. ಕಲಿಸಲು ಬಂದ ಇಂಜಿನಿಯರ್ ಸೌಸನ್, ಲರೂಸಿಯ ಮಗಳ ವಯಸ್ಸಿನವಳು. ಕನ್ನಡಕ ಹಾಕಿದರೆ ಎದುರಿಗೆ ನಮ್ಮದೇ ತೊಟ್ಟಿ, ಒಳಗೆ ಬಿದ್ದು ಕೈಕಾಲು ಬಡಿಯುವ ಒಬ್ಬ ಮನುಷ್ಯ. ಲರೂಸಿ ತಟಕ್ಕನೆ ಏಣಿ ಇಳಿದ. ಎರಡನೇ ಮೆಟ್ಟಿಲಿಗೆ ಕಣ್ಣೆದುರೆಲ್ಲ ಕೆಂಪು, ಅದರ ಮೇಲೆ ಬರಹ: ನೀವು ಸತ್ತಿದ್ದೀರಿ. ಮತ್ತೆರಡು ಸಲವೂ ಅದೇ ಆಯಿತು.

"ಒಂದೇ ಬೆಳಿಗ್ಗೆ ಮೂರು ಸಲ ಸತ್ತೆಯಲ್ಲೋ! ನೀನು ಸತ್ತ ನಲವತ್ತನೇ ದಿನದ ಕುಸ್ಕುಸ್ ಊಟ ನಾವು ಎಷ್ಟು ಸಲ ತಿನ್ನೋದು?" ಎಂದು ಛೇಡಿಸಿದವನು ಅವನ ಜೊತೆಗೇ ದುಡಿಯುವ ನಾನೇ. ಅವನ ಅಣ್ಣನ ನೆನಪು ಆ ಗಳಿಗೆ ನನಗೆ ಬರಲಿಲ್ಲ. ಇವತ್ತಿಗೂ ಆ ಮಾತು ನನ್ನನ್ನು ಚುಚ್ಚುತ್ತದೆ.

"ಲರೂಸಿ ಚಿಕ್ಕಪ್ಪ, ಇಳೀಬೇಡಿ. ಗಂಟೆ ಒತ್ತಿ. ಉಸಿರಾಡೋ ಗಾಳಿಯ ಮುಸುಕು ಮುಖಕ್ಕೆ ಹಾಕ್ಕೊಂಡವರು ಬರ್ತಾರೆ," ಎಂದಳು ಸೌಸನ್.

"ಅಷ್ಟರಲ್ಲಿ ಅವನು ಸತ್ರೆ?"

"ನೀವು ಇಳಿದ್ರೆ ಇಬ್ರೂ ಸಾಯ್ತೀರಿ."

ನಾಲ್ಕನೇ ಸಲ ಅವನು ಗಂಟೆ ಒತ್ತಿದ. ಅಲ್ಲಿಲ್ಲದ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದವನಂತೆ ನಿಂತೇ ಇದ್ದ. ಪಾಸಾದ. ಕನ್ನಡಕ ತೆಗೆದಾಗ ಒಳಗೆಲ್ಲ ಒದ್ದೆ.

"ಹಾಗಾದ್ರೆ ನಮ್ಮಣ್ಣ ಮಾಡಿದ್ದು ತಪ್ಪಾ, ಮಗಳೇ?" ಎಂದು ಕೇಳಿದ. ಅವಳಿಗೆ ವಿಷಯವೇ ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆ ಕುರ್ಚಿ ಹುಡುಕಿ ಕೂತುಬಿಟ್ಟಳು.

ತಾಯಿಗೆ ಹೇಳಬಾರದೆಂದೇ ಅವನು ಅಂದುಕೊಂಡಿದ್ದ. ಆದರೆ ಊಟಕ್ಕೆ ಕೂತಾಗ ಆಕೆಯೇ, "ಏನು ಕಲಿಸಿದ್ರೋ ಮಗನೇ?" ಎಂದಳು. ಅವನಿಗೆ ಸುಳ್ಳು ಬರಲಿಲ್ಲ, ಎಲ್ಲ ಹೇಳಿದ.

ಮಬ್ರೂಕಾ ರೊಟ್ಟಿ ಕೆಳಗಿಟ್ಟಳು. "ಅವತ್ತು ಅಲ್ಲಿ ಗಂಟೆ ಇತ್ತಾ?"

"ಇರ್ಲಿಲ್ಲ ಉಮ್ಮಿ."

"ಮುಸುಕು?"

"ಅದೂ ಇರ್ಲಿಲ್ಲ."

"ಮತ್ತೆ ನನ್ನ ಮಗ ಇನ್ನೇನು ಮಾಡ್ಬೇಕಿತ್ತು?"

ಸುಗ್ಗಿ ಶುರುವಾದಾಗ ಲರೂಸಿ ತೊಟ್ಟಿಗಿಳಿಯುವುದನ್ನು ಬಿಟ್ಟು, ಮೇಲೆ ಗಂಟೆಯ ಬಳಿ ಕಾವಲು ನಿಲ್ಲುವ ಕೆಲಸ ಕೇಳಿ ಪಡೆದ. ಯಾರಾದರೂ ಅಯ್ಯಾಶಿಯ ಸುದ್ದಿ ಎತ್ತಿದರೆ ಮಬ್ರೂಕಾ ಈಗ ಆ ಹಳೆಯ ಹೆಮ್ಮೆಯ ಮಾತು ಹೇಳದೆ ಎದ್ದು ಒಳಗೆ ಹೋಗುತ್ತಾಳೆ.